ಅಪ್ಪನ ಕ್ಯಾಟ್ ಸ್ಕೋರ್ 3 ಅಂಕ ಇಳಿದಿದೆ. ಇದು ನಿಜವಾದ ಸುಧಾರಣೆಯಾ?

ಪ್ರಶ್ನೆ: ನಮ್ಮ ತಂದೆಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದೆ. ಎರಡು ತಿಂಗಳು ಉಸಿರಾಟದ ವ್ಯಾಯಾಮ ಮಾಡಿಸಿದ ಮೇಲೆ, ಈ ಕಾಯಿಲೆಯ ತೊಂದರೆ ಅಳೆಯುವ ಕ್ಯಾಟ್ ಎಂಬ ಪ್ರಶ್ನಾವಳಿಯ ಸ್ಕೋರ್ 22ರಿಂದ 19ಕ್ಕೆ ಇಳಿದಿದೆ. ಡಾಕ್ಟರ್ ಒಳ್ಳೆಯದಾಯಿತು ಅಂದರು. 40ಕ್ಕೆ 3 ಅಂಕ ಅಂದರೆ ತೀರಾ ಕಡಿಮೆ ಅಲ್ವಾ?

ಉತ್ತರ: ಕಡಿಮೆಯೇನಲ್ಲ. ಆದರೆ ಆ 3 ಅಂಕ ಯಾವ ಪ್ರಶ್ನೆಯಲ್ಲಿ ಇಳಿಯಿತು ಅಂತ ನೋಡಲೇಬೇಕು.

ಕ್ಯಾಟ್‌ನಲ್ಲಿ ಎಂಟು ಪ್ರಶ್ನೆಗಳಿವೆ: ಕೆಮ್ಮು, ಕಫ, ಎದೆ ಬಿಗಿತ, ದಿಬ್ಬವೋ ಮೆಟ್ಟಿಲೋ ಹತ್ತಿದಾಗ ಬರುವ ಏದುಸಿರು, ಮನೆಯೊಳಗಿನ ಕೆಲಸ, ಹೊರಗೆ ಹೋಗುವ ಧೈರ್ಯ, ನಿದ್ದೆ, ಶಕ್ತಿ. ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ತೊಂದರೆ ಜಾಸ್ತಿ. ಇದರಲ್ಲಿ 2 ಅಂಕ ಇಳಿದರೆ ರೋಗಿಗೆ ಗೊತ್ತಾಗುವಷ್ಟು ಬದಲಾವಣೆ ಆಗಿದೆ ಅಂತ ವೈದ್ಯರು ಲೆಕ್ಕ ಹಾಕುತ್ತಾರೆ.

ಇಂಥ ಗೆರೆಯನ್ನು ಎಳೆಯುವುದು ಹೇಗೆ? 1989ರಲ್ಲಿ ಯೆಶ್ಕೆ, ಸಿಂಗರ್ ಮತ್ತು ಗಯಾಟ್ ಎಂಬ ಸಂಶೋಧಕರು ತೋರಿಸಿದ ದಾರಿ ನನಗೆ ತುಂಬ ಇಷ್ಟ. ಅವರು ಶ್ವಾಸಕೋಶ ಮತ್ತು ಹೃದಯದ ಕಾಯಿಲೆ ಇದ್ದವರ ಅಂಕಗಳನ್ನು ತೆಗೆದುಕೊಂಡರು. ಜೊತೆಗೆ, ಮೊದಲಿಗಿಂತ ಈಗ ಹೇಗಿದ್ದೀರಿ ಅಂತ ಅವರನ್ನೇ ಕೇಳಿದರು. ಸ್ವಲ್ಪ ಹಗುರಾಗಿದೆ ಅಂದವರ ಅಂಕ ಎಷ್ಟು ಬದಲಾಗಿತ್ತೋ, ಅದೇ ಗೆರೆ. ಅವರು ಬಳಸಿದ 7 ಅಂಕದ ಅಳತೆಯಲ್ಲಿ ಅದು ಪ್ರಶ್ನೆಗೆ ಸುಮಾರು ಅರ್ಧ ಅಂಕ. ಅಂದರೆ ಸಣ್ಣದು ಯಾವುದು, ದೊಡ್ಡದು ಯಾವುದು ಅಂತ ಹೇಳಿದ್ದು ಕಾಯಿಲೆ ಅನುಭವಿಸುತ್ತಿದ್ದವರೇ. ದೊಡ್ಡ ಅಧ್ಯಯನಗಳಲ್ಲಿ ಒಂದೇ ಅಂಕದ ವ್ಯತ್ಯಾಸವೂ ಸಂಖ್ಯಾಶಾಸ್ತ್ರದ ಪರೀಕ್ಷೆ ಪಾಸಾಗಬಹುದು, ಅಂದರೆ ಅದು ಬರೀ ಆಕಸ್ಮಿಕವಲ್ಲ ಅಂತ ಲೆಕ್ಕ ಹೇಳಬಹುದು. ರೋಗಿಗೆ ಮಾತ್ರ ಏನೂ ಅನ್ನಿಸಿರುವುದಿಲ್ಲ.

ಈ ಗೆರೆ ಎಲ್ಲ ಪ್ರಶ್ನಾವಳಿಗೂ ಒಂದೇ ಅಲ್ಲ. ಅದೇ ಕಾಯಿಲೆಗೆ ಬಳಸುವ ಸೇಂಟ್ ಜಾರ್ಜ್ಸ್ ಪ್ರಶ್ನಾವಳಿಯಲ್ಲಿ 100ಕ್ಕೆ 4 ಅಂಕ. ಹೃದಯ ವೈಫಲ್ಯದವರಿಗೆ ಕೊಡುವ ಕಾನ್ಸಾಸ್ ಸಿಟಿ ಪ್ರಶ್ನಾವಳಿಯಲ್ಲಿ 5, ಅದರಲ್ಲಿ ಅಂಕ ಏರಿದರೆ ಒಳ್ಳೆಯದು.

ಇನ್ನು ನಿಮ್ಮ ತಂದೆಯ ವಿಷಯ. ಆ 2 ಅಂಕದ ಗೆರೆ ಸಿಕ್ಕಿದ್ದು ಗುಂಪಿನ ಸರಾಸರಿಯಿಂದ. ಒಬ್ಬರ ಅಂಕ ಸುಮ್ನೆಯೂ ಒಂದೆರಡು ಮೇಲೆ ಕೆಳಗೆ ಆಗುತ್ತದೆ. ರಾತ್ರಿ ನಿದ್ದೆ ಕೆಟ್ಟರೂ ಸಾಕು. ಹಾಗಾಗಿ 3 ಅಂಕ ಒಳ್ಳೆಯ ಸೂಚನೆ, ಆದರೆ ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಹೊರಗೆ ಹೋಗುವ ಧೈರ್ಯ 4ರಿಂದ 2ಕ್ಕೆ ಬಂದು, ಅವರು ಈಗ ಬೀದಿ ಕೊನೆಯ ಅಂಗಡಿಗೆ ತಾವೇ ಹೋಗಿ ಹಾಲು ತರುತ್ತಿದ್ದರೆ, ಅದು ಅವರ ದಿನವನ್ನೇ ಬದಲಿಸಿದ ಸುಧಾರಣೆ. ನನ್ನ ಪ್ರಕಾರ ಒಟ್ಟು ಅಂಕಕ್ಕಿಂತ ಇದಕ್ಕೇ ಬೆಲೆ ಜಾಸ್ತಿ.

ಏದುಸಿರಿನ ಅಂಕ ಇಳಿದಿದ್ದರೆ ಮಾತ್ರ ಇನ್ನೊಂದು ಮಾತು ಕೇಳಿ: ಮೆಟ್ಟಿಲು ಹತ್ತುತ್ತಿದ್ದಾರಾ? ಎಷ್ಟೋ ಹಿರಿಯರು ಕಷ್ಟವಾಗುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಮಹಡಿಯ ಕೋಣೆಯಿಂದ ಕೆಳಗೆ ಬಂದು ಮಲಗುತ್ತಾರೆ. ಆಮೇಲೆ ಉಸಿರಿಗೇನೂ ತೊಂದರೆ ಇಲ್ಲಪ್ಪ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಅಂಕ ಇಳಿದಿರುತ್ತದೆ, ಅವರ ಓಡಾಟವೂ ಇಳಿದಿರುತ್ತದೆ. ಇದನ್ನು ಡಾಕ್ಟರಿಗೆ ನೀವೇ ಹೇಳಬೇಕು, ಏಕೆಂದರೆ ಹಾಳೆಯಲ್ಲಿ ಅದು ಕಾಣುವುದಿಲ್ಲ.

ಎರಡು ಸಲವೂ ಉತ್ತರ ಕೊಟ್ಟವರು ಅವರೇನಾ ಅನ್ನುವುದನ್ನೂ ನೋಡಿಕೊಳ್ಳಿ. ಒಮ್ಮೆ ಅವರು, ಒಮ್ಮೆ ಅವರ ಪರವಾಗಿ ಮಕ್ಕಳು ಟಿಕ್ ಹಾಕಿದ್ದರೆ ಹೋಲಿಕೆ ಸರಿಯಾಗದು. ಮೊದಲ ಹಾಳೆ ತುಂಬಿದ್ದು ಎದೆಯ ಸೋಂಕು ಜೋರಾಗಿದ್ದ ವಾರದಲ್ಲಾದರೆ, ಈ ಇಳಿಕೆಯಲ್ಲಿ ಒಂದಷ್ಟು ಸೋಂಕು ವಾಸಿಯಾದದ್ದರಿಂದಲೇ ಬಂದಿರುತ್ತದೆ. ಆಗ ಇನ್ನೊಂದೆರಡು ತಿಂಗಳು ವ್ಯಾಯಾಮ ಮುಂದುವರಿಸಿ, ಮತ್ತೊಮ್ಮೆ ಅಂಕ ಹಾಕಿಸಿ.