ರಾತ್ರಿ ಮಾತ್ರ ಮಾಯವಾಗುವ ಕ್ಯಾಮೆರಾ

ಗೇಟಿನ ಕ್ಯಾಮೆರಾ, ಗೀಸರಿನ ಸ್ಮಾರ್ಟ್ ಪ್ಲಗ್, ತಾರಸಿಯ ಸೋಲಾರ್ ಇನ್ವರ್ಟರಿಗೆ ಸಿಕ್ಕಿಸಿದ ವೈಫೈ ಡಾಂಗಲ್. ಇವುಗಳಲ್ಲಿ ಒಂದು ‘ಆಫ್‌ಲೈನ್’ ಎಂದ ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡುವುದು ಎಲ್ಲರ ಮನೆಯ ಮದ್ದು. ಬಹಳ ಸಲ ಸರಿಯೂ ಹೋಗುತ್ತದೆ, ಆದರೆ ಕಾರಣದ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ರೂಟರ್ ಮುಟ್ಟುವ ಮುಂಚೆ, ಎಷ್ಟು ಹೊತ್ತಿಗೆ ಕಟ್ ಆಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಿಡಿ. ಮೂರು ನಾಲ್ಕು ಸಲ ಬರೆಯುವಷ್ಟರಲ್ಲಿ ಅರ್ಧ ರೋಗ ಪತ್ತೆಯಾಗಿರುತ್ತದೆ.

ಕತ್ತಲಾದ ಮೇಲಷ್ಟೇ ಕಣ್ಮರೆಯಾಗುವ ಕ್ಯಾಮೆರಾವನ್ನೇ ನೋಡಿ. ಎಲ್ಲರೂ ವೈಫೈಯನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ತಂತಿಯದು. ಕತ್ತಲಲ್ಲಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಅದು ಎಳೆಯುವ ಕರೆಂಟ್ ಏರುತ್ತದೆ. ಗೇಟಿನವರೆಗೆ 3 ಮೀಟರ್ ತೆಳ್ಳನೆಯ ಯುಎಸ್‌ಬಿ ಕೇಬಲ್ ಎಳೆದಿದ್ದರೆ, ಹೋಗುವ ಬರುವ ದಾರಿ ಸೇರಿ 6 ಮೀಟರ್ ತಂತಿ. 28 ಗೇಜಿನ ತಾಮ್ರವಾದರೆ ರೋಧ ಸುಮಾರು 1.3 ಓಮ್. 1 ಆಂಪಿಯರ್ ಹರಿದರೆ 1.3 ವೋಲ್ಟ್ ದಾರಿಯಲ್ಲೇ ಖರ್ಚು; ಅಡಾಪ್ಟರಿನಿಂದ ಹೊರಟ 5 ವೋಲ್ಟ್ ಕ್ಯಾಮೆರಾ ತಲುಪುವಾಗ 3.7. ಕ್ಯಾಮೆರಾ ಸೋತು ರೀಸ್ಟಾರ್ಟ್ ಆಗುತ್ತದೆ, ಮತ್ತೆ ದೀಪ ಹಚ್ಚುತ್ತದೆ, ಮತ್ತೆ ಸೋಲುತ್ತದೆ. 230 ವೋಲ್ಟಿನ ಪಾಯಿಂಟನ್ನು ಎಲೆಕ್ಟ್ರಿಷಿಯನ್ ಕೈಲಿ ಗೇಟಿನ ಹತ್ತಿರಕ್ಕೆ ತರಿಸಿ, ಮಳೆ ತಾಗದ ಡಬ್ಬಿಯೊಳಗೆ ಅಡಾಪ್ಟರ್ ಇಟ್ಟು, ಯುಎಸ್‌ಬಿ ಕೇಬಲ್ಲನ್ನು ಮೊಳದುದ್ದಕ್ಕೆ ಇಳಿಸಿದರೆ ಮುಗಿಯಿತು.

ಕರೆಂಟ್ ಹೋಗಿ ಬಂದಾಗಲೆಲ್ಲ ಕಟ್ ಆಗುವುದು ಬೇರೆ ಕಥೆ. ಸ್ಮಾರ್ಟ್ ಪ್ಲಗ್ ಕೆಲವೇ ಸೆಕೆಂಡಿಗೆ ಏಳುತ್ತದೆ, ರೂಟರಿಗೆ ಎರಡು ಮೂರು ನಿಮಿಷ ಬೇಕು. ಅಷ್ಟರೊಳಗೆ ಹುಡುಕಿ ಹುಡುಕಿ ಸೋತ ಪ್ಲಗ್ ಸುಮ್ಮನಾಗಿಬಿಡಬಹುದು. ಹಾಗಾಗಿ ಕರೆಂಟ್ ಬಂದು ಐದು ನಿಮಿಷವಾದ ಮೇಲೆ ರೂಟರನ್ನು ಬಿಟ್ಟು ಪ್ಲಗ್ ಒಂದನ್ನೇ ಆಫ್ ಮಾಡಿ ಆನ್ ಮಾಡಿ ನೋಡಿ. ಮನೆಯಲ್ಲಿ ಇನ್ವರ್ಟರ್ ಇದ್ದೂ ರೂಟರ್ ಆರಿ ಹತ್ತುತ್ತಿದ್ದರೆ, ಇನ್ವರ್ಟರಿನ ಹಿಂಬದಿಯಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದೆಯೇ ನೋಡಿ. ಆ ಕಡೆಗೆ ತಿರುಗಿಸಿದರೆ ಬ್ಯಾಟರಿಗೆ ಬೇಗ ಹಾರುತ್ತದೆ. ವೋಲ್ಟೇಜ್ ಏರಿಳಿತ ಜಾಸ್ತಿ ಇರುವ ಹಳ್ಳಿ ಕಡೆ ಬ್ಯಾಟರಿಗೆ ಕೆಲಸ ಹೆಚ್ಚುತ್ತದೆ, ಅಷ್ಟೇ.

ಓವನ್ನಿನಲ್ಲಿ ಸಾರು ಬಿಸಿಗಿಟ್ಟಾಗ ಅಡುಗೆಮನೆಯ ಸ್ಪೀಕರ್ ತೊದಲಿದರೆ ಅದಕ್ಕೆ ಹೊಣೆ ಮೈಕ್ರೊವೇವ್. ಅದು ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ, ಸಣ್ಣ ಸಾಧನಗಳು ಮಾತಾಡುವುದೂ 2.4ರಲ್ಲೇ. ಸ್ಪೀಕರನ್ನು ನಾಲ್ಕಡಿ ಆಚೆ ಸರಿಸಿ ನೋಡಿ.

ಮೈಸೂರಿನ ಕುವೆಂಪುನಗರದಂಥ ಕಡೆ 30–40 ಸೈಟಿನ ಮನೆಗಳು ಮೈಗೆ ಮೈ ತಾಗಿಸಿ ನಿಂತಿವೆ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಕಟ್ ಆಗುವುದಿದ್ದರೆ ಅದು ನೆರೆಹೊರೆಯ ಗದ್ದಲ. ರೂಟರಿನ 2.4 ಸೆಟ್ಟಿಂಗಿನಲ್ಲಿ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಚಾನೆಲ್ ನಂಬರನ್ನು ‘ಆಟೊ’ಗೆ ಬಿಡದೆ 1, 6, 11ರಲ್ಲಿ ಖಾಲಿ ಇರುವ ಒಂದಕ್ಕೆ ನಿಲ್ಲಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. 12, 13 ಖಾಲಿ ಇವೆಯೆಂದು ಆಸೆಪಡಬೇಡಿ, ಕೆಲವು ಸಾಧನಗಳು ಅಲ್ಲಿ ಇಣುಕುವುದೇ ಇಲ್ಲ.

ಹೊತ್ತುಗೊತ್ತಿಲ್ಲದೆ ಹೋಗುವವು ಇನ್ನೊಂದು ಜಾತಿ. ‘ಮೊಬೈಲಿಗೆ ಅದೇ ಜಾಗದಲ್ಲಿ ಫುಲ್ ಸಿಗ್ನಲ್ ಇದೆಯಲ್ಲ’ ಎನ್ನುತ್ತಾರೆ. ಮೊಬೈಲಿನ ಗೆರೆಗಳು ಹೇಳುವುದು ರೂಟರಿನ ದನಿ ಮೊಬೈಲಿಗೆ ಕೇಳಿಸಿತೆಂದು; ಪ್ಲಗ್ಗಿನ ಪಿಸುಮಾತು ರೂಟರಿಗೆ ಕೇಳಿಸಿತೇ ಎಂಬುದು ಅದರಲ್ಲಿಲ್ಲ. ಸಾಧನದ ಆ್ಯಪ್‌ನಲ್ಲೇ ಸಿಗ್ನಲ್ ಅಂಕಿ ಹುಡುಕಿ: ಮೈನಸ್ 65 ಇದ್ದರೆ ನಿಶ್ಚಿಂತೆ, ಮೈನಸ್ 75ಕ್ಕಿಂತ ಕೆಳಗಿಳಿದರೆ ಕಷ್ಟ. ಅಗ್ರಹಾರದ ಹಳೇ ಮನೆಗಳ ದಪ್ಪ ಗೋಡೆ, ತಾರಸಿಯ ಕಬ್ಬಿಣದ ಕಂಬಿ, ತುಂಬಿದ ನೀರಿನ ಟ್ಯಾಂಕ್, ಬೀರು ಎಲ್ಲವೂ ಅಲೆಯನ್ನು ತಿನ್ನುತ್ತವೆ. ಎಲೆಕ್ಟ್ರಿಷಿಯನ್ನರೂ ಮರೆಯುವ ಒಂದಿದೆ: ಗೋಡೆಯೊಳಗೆ ಕೂರಿಸಿದ ಸ್ವಿಚ್ ಬೋರ್ಡಿನ ಜಿಐ ಬಾಕ್ಸ್. ಅದರ ತಳಕ್ಕೆ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ತುರುಕಿದರೆ ಐದು ಕಡೆ ತಗಡು, ಬಾಯಿ ತೆರೆದಿರುವುದು ಮುಂದೆ ಮಾತ್ರ. ಮೇನ್ ಸ್ವಿಚ್ ಇಳಿಸಿ, ಮಾಡ್ಯೂಲನ್ನು ಪ್ಲಾಸ್ಟಿಕ್ ಪ್ಲೇಟಿನ ಹಿಂದಕ್ಕೇ ತರಿಸಿ, ಇಲ್ಲವೇ ಪಿವಿಸಿ ಬಾಕ್ಸ್ ಹಾಕಿಸಿ.

ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಗೆ ಅಂಗಡಿಯಿಂದ ತಂದ ಎರಡನೇ ರೂಟರ್ ಸೇರಿಸಿದ ಮನೆಗಳಲ್ಲಿ ಎರಡೂ ಪೆಟ್ಟಿಗೆಗಳು ಸಾಧನಗಳಿಗೆ ವಿಳಾಸ, ಅಂದರೆ ಜಾಲದೊಳಗಿನ ನಂಬರು, ಹಂಚಲು ಕೂತರೆ ಅವಾಂತರ. ಒಂದೇ ನಂಬರನ್ನು ಟಿವಿಗೂ ಕ್ಯಾಮೆರಾಗೂ ಕೊಟ್ಟುಬಿಡಬಹುದು. ಎರಡನೆಯದರಲ್ಲಿ ವಿಳಾಸ ಹಂಚುವ ‘ಡಿಎಚ್‌ಸಿಪಿ’ಯನ್ನು ಆಫ್ ಮಾಡಿ, ಅದಕ್ಕೆ 192.168.1.2ರಂಥ ಬೇರೆ ವಿಳಾಸ ಕೊಟ್ಟು, ತಂತಿ ‘ವ್ಯಾನ್’ ತೂತಿನಲ್ಲಿದ್ದರೆ ಕಿತ್ತು ‘ಲ್ಯಾನ್’ ತೂತಿಗೆ ಸಿಕ್ಕಿಸಿ. ಮೊದಲ ಪೆಟ್ಟಿಗೆಯ ವಿಳಾಸ 192.168.1.1 ಆಗಿದ್ದರೆ ಈ ಲೆಕ್ಕ ಸರಿ. ಬೇರೆಯಿದ್ದರೆ ಆ ವಿಳಾಸದ ಕೊನೆಯ ಅಂಕಿಯನ್ನಷ್ಟೇ ಬದಲಿಸಿ ಎರಡನೆಯದಕ್ಕೆ ಕೊಡಿ. ಆ ನಂಬರು ಮೊದಲನೆಯದು ಹಂಚುವ ಪಟ್ಟಿಯಿಂದ ಹೊರಗಿರಲಿ.

ಹೊಸ ರೂಟರ್ ತಂದ ದಿನದಿಂದ ಹಳೇ ಪ್ಲಗ್ ಸೇರದಿದ್ದರೆ ಅದರ ವೈಫೈ ಭದ್ರತೆ ‘ಡಬ್ಲ್ಯೂಪಿಎ3’ ಎಂಬ ಹೊಸ ಬಗೆಯದಾಗಿರಬಹುದು, ಸಾಧನಗಳಿಗೆಂದೇ 2.4ರಲ್ಲಿ ಬೇರೆ ಹೆಸರಿನ ಜಾಲ ಮಾಡಿ ‘ಡಬ್ಲ್ಯೂಪಿಎ2’ ಇಡಿ. ಆ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ ಎಂದು ಹೇಳಲು ಬೇಸರವೇ. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ ಮೂರು ಬೈಟ್ ನುಂಗುತ್ತದೆ. ‘ಮೈಸೂರು’ ಒಂದಕ್ಕೇ 18. ಕೆಲವು ಅಗ್ಗದ ಪ್ಲಗ್ಗುಗಳು ಅಂಥ ಹೆಸರು ಕಂಡರೆ ಕಂಗಾಲು. ಮೊಬೈಲು, ಲ್ಯಾಪ್‌ಟಾಪ್ ಸೇರುವ 5 ಗಿಗಾಹರ್ಟ್ಸ್ ಜಾಲಕ್ಕೆ ಕನ್ನಡದ ಹೆಸರಿಡಲು ಅಡ್ಡಿಯಿಲ್ಲ.