ಗೊಬ್ಬರದ ರಾಶಿ ಮಗುಚುವವರ ಶ್ವಾಸಕೋಶ

ಹಸಿಕಸದ ರಾಶಿಯ ನಡುಭಾಗ ಕಾದು 60 ಡಿಗ್ರಿ ದಾಟಿದರೆ ಅಲ್ಲಿ ಬೂಷ್ಟು ಬೆಳೆಯಲಾರದು. ಹೊರಪದರ ಮಾತ್ರ 40–50 ಡಿಗ್ರಿಯಲ್ಲೇ ಇರುತ್ತದೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂದುಹಸಿರು ಶಿಲೀಂಧ್ರಕ್ಕೆ ಇದೇ ಹದವಾದ ಜಾಗ. ಪೌರಕಾರ್ಮಿಕರು ಸಲಿಕೆ ಹಾಕಿದಾಗ ಮೊದಲು ಕದಲುವುದೂ ಈ ಪದರವೇ. ಈ ಶಿಲೀಂಧ್ರದ ಬೀಜಕಣ 2ರಿಂದ 3 ಮೈಕ್ರಾನ್ ಅಷ್ಟೇ. ಮೂಗು, ಗಂಟಲು ದಾಟಿ ಶ್ವಾಸಕೋಶದ ಗಾಳಿಚೀಲದವರೆಗೂ ಇಳಿಯುತ್ತದೆ.

ಆರೋಗ್ಯವಂತರ ದೇಹ ಇದನ್ನು ನಿಭಾಯಿಸುತ್ತದೆ. ಹಳೆಯ ಕ್ಷಯದಿಂದ ಶ್ವಾಸಕೋಶದಲ್ಲಿ ಪೊಳ್ಳು ಉಳಿದವರು, ಆಸ್ತಮಾ ಇರುವವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮಾತ್ರ ಈ ಕೆಲಸಕ್ಕೆ ಇಳಿಯಲೇಬಾರದು.

ಈ ಶಿಲೀಂಧ್ರದಲ್ಲಿ ಔಷಧಕ್ಕೆ ಬಗ್ಗದ ತಳಿ ಹುಟ್ಟುವ ಬಗೆ ನಮ್ಮ ಜಿಲ್ಲೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಚಿಕ್ಕಮಗಳೂರಿನ ಕಾಫಿಯ ಎಲೆತುಕ್ಕಿಗೆ, ಹಾಸನದ ಶುಂಠಿಯ ಎಲೆಚುಕ್ಕೆಗೆ ಹೊಡೆಯುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್‌ಗಳೂ ಆಸ್ಪತ್ರೆಯ ವೊರಿಕೊನಜೋಲ್, ಇಟ್ರಾಕೊನಜೋಲ್‌ಗಳೂ ಅಜೋಲ್ ಎಂಬ ಒಂದೇ ಶಿಲೀಂಧ್ರನಾಶಕ ಕುಟುಂಬದವು. ಎಲ್ಲವೂ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸುವ ಕಿಣ್ವವನ್ನೇ ತಡೆಯುತ್ತವೆ. ಸಿಂಪಡಿಸಿದ ಗಿಡದ ಕಸ ರಾಶಿಗೆ ಬಂದರೆ, ಉಳಿದ ಅಲ್ಪ ಔಷಧದಲ್ಲಿ ದುರ್ಬಲ ತಳಿ ಸಾಯುತ್ತದೆ, ಕಿಣ್ವದ ಆಕಾರ ಬದಲಾದ ತಳಿ ಉಳಿದು ಹೆಚ್ಚುತ್ತದೆ. ಭಾರತದ ಗದ್ದೆ ಮಣ್ಣು, ಚಹಾ ತೋಟಗಳಲ್ಲಿ ಇಂಥ ತಳಿ ಸಿಕ್ಕಿದ್ದನ್ನು ದೆಹಲಿಯ ಸಂಶೋಧಕರು 2012ರಲ್ಲೇ ಪ್ರಕಟಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಶಿಲೀಂಧ್ರವನ್ನು ರೋಗ ತರುವ ಶಿಲೀಂಧ್ರಗಳ ಪಟ್ಟಿಯ ಅತಿ ಗಂಭೀರ ಗುಂಪಿಗೆ ಸೇರಿಸಿತು.

ಹಾಗಾಗಿ ಸಿಂಪಡಿಸಿದ ತೋಟದ ಕಸವನ್ನು ಪುರಸಭೆಯ ರಾಶಿಗೆ ಬೆರೆಸಬಾರದು. ರಾಶಿಯ ತೇವ ಶೇ 50–60ರಷ್ಟಿರಲಿ: ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಸುರಿಯಬಾರದು. ಮಗುಚುವ ಮುಂಚೆ ಹೊರಪದರ ನೆನೆಸಿ, ಆಮೇಲೆ ಅಂಚಿನ ಕಸವನ್ನು ನಡುವಿಗೆ ಎಳೆಯಿರಿ. ಗಾಳಿ ಬೆನ್ನಿಗೆ ಬೀಸುವಂತೆ ನಿಲ್ಲಿ. ನಮ್ಮ ಲೆಕ್ಕದಲ್ಲಿ ಅತಿ ಅಪಾಯದ ಕೆಲಸ ಜರಡಿ ಹಿಡಿಯುವುದು. ಸಿದ್ಧ ಗೊಬ್ಬರ ಒಣಗಿದಷ್ಟೂ ಜರಡಿ ಸಲೀಸು, ಧೂಳೂ ಅಷ್ಟೇ ಜಾಸ್ತಿ. ಫೆಬ್ರವರಿ, ಮಾರ್ಚಿನಲ್ಲಿ ಇದು ಇನ್ನೂ ಕೆಟ್ಟದ್ದು. ತುಸು ತೇವ ಇರುವಾಗಲೇ, ತೆರೆದ ಕಡೆ, ಸ್ವಲ್ಪ ಸ್ವಲ್ಪವೇ ಜರಡಿ ಹಿಡಿಯಬೇಕು.

ಮುಖಕ್ಕೆ ಟವೆಲ್ ಸುತ್ತಿದರೆ ಬೀಜಕಣ ನಿಲ್ಲುವುದಿಲ್ಲ. ಸಾದಾ ಸರ್ಜಿಕಲ್ ಮಾಸ್ಕಿನ ಅಂಚಿನಿಂದಲೂ ಒಳಗೆ ಹೋಗುತ್ತದೆ. ಎನ್‌95 ಬೇಕು, ಎರಡೂ ಪಟ್ಟಿ ತಲೆಯ ಹಿಂದೆ, ಮೂಗಿನ ಮೇಲಿನ ಲೋಹದ ಪಟ್ಟಿ ಒತ್ತಿ ಕೂರಿಸಿ. ಗಡ್ಡ ಬಿಟ್ಟರೆ ಅಂಚು ಮುಖಕ್ಕೆ ಅಂಟದು. ಮಾಸ್ಕ್ ಬೆವರಿಗೆ ನೆನೆದರೆ ಬದಲಿಸಿ. ಇವನ್ನು ಕೊಡಿಸುವುದು ಕೆಲಸ ಕೊಟ್ಟವರ ಹೊಣೆ, ಕೂಲಿಯಿಂದ ಕಳೆಯುವ ಖರ್ಚಲ್ಲ.

ವಾರಗಟ್ಟಲೆ ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರೆ ಮೊದಲು ಕ್ಷಯದ ಪರೀಕ್ಷೆ ಆಗಬೇಕು. ಅದು ಇಲ್ಲವೆಂದು ಬಂದ ಮೇಲೂ ಲಕ್ಷಣ ಬಿಡದಿದ್ದರೆ ‘ಗೊಬ್ಬರದ ಕೆಲಸ ಮಾಡುತ್ತೇನೆ’ ಎಂದು ವೈದ್ಯರಿಗೆ ಹೇಳಿ. ಈ ಶಿಲೀಂಧ್ರದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಆಸ್ಪರ್ಜಿಲಸ್ ಐಜಿಜಿ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಕಫದಲ್ಲಿ ಶಿಲೀಂಧ್ರ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ ಆಗ ನೆರವಿಗೆ ಬರುತ್ತವೆ. ಅಜೋಲ್ ನಾಟದಿದ್ದರೆ ಉಳಿಯುವ ದಾರಿಗಳಲ್ಲಿ ಮುಖ್ಯವಾದದ್ದು ರಕ್ತನಾಳಕ್ಕೆ ಕೊಡುವ ಆಂಫೊಟೆರಿಸಿನ್ ಬಿ. ಅದರಿಂದ ಮೂತ್ರಪಿಂಡಕ್ಕೆ ಹಾನಿಯಾಗಬಹುದಾದ ಕಾರಣ ಆಸ್ಪತ್ರೆಯ ನಿಗಾದಲ್ಲೇ ಕೊಡಬೇಕು.