ಟೊಂಕ ನೋವಿಗೆ ನೆಲದ ಮೇಲೆ ಮಲಗಿದರೆ ಸಾಕಾ?

ಪ್ರಶ್ನೆ: ನನಗೆ 41 ವರ್ಷ. ಊರು ಸಿಂಧನೂರು ಹತ್ತಿರದ ಹಳ್ಳಿ. ಮನೆ ಕೆಲಸದ ಜೊತೆ ಹೊಲದ ಕೆಲಸವೂ ಇದೆ. ಕೆಲವು ತಿಂಗಳಿಂದ ಟೊಂಕ ನೋವು. ಬೆಳಿಗ್ಗೆ ಎದ್ದಾಗ ಜಾಸ್ತಿ. ಮಂಚ, ಗಾದಿ ಬಿಟ್ಟು ಬರೀ ನೆಲಕ್ಕೆ ಚಾಪೆ ಹಾಸಿ ಮಲಗು ಅಂತ ನಮ್ಮತ್ತೆ ಹೇಳುತ್ತಾರೆ. ಹಾಗೆ ಮಲಗಿ ನೋಡಿದೆ, ಈಗ ಭುಜವೂ ನೋಯುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮತ್ತೆಯ ಮಾತು ಅರ್ಧ ಸರಿ. ಅವರ ಕಾಲದಲ್ಲಿ ಮಂಚ ಅಂದರೆ ಬಹಳ ಮನೆಗಳಲ್ಲಿ ಹೊರಸು. ನಾಲ್ಕು ವರ್ಷ ಬಳಸಿದ ಹೊರಸಿನ ಹಗ್ಗ ಸಡಿಲಾಗಿ ನಡುಭಾಗ ಜೋತು ಬಿದ್ದಿರುತ್ತದೆ. ಅದರಲ್ಲಿ ಮಲಗಿದರೆ ಟೊಂಕ ಕೆಳಗೆ, ತಲೆ ಮತ್ತು ಕಾಲು ಮೇಲೆ. ಅಲ್ಲಿಂದ ನೆಲಕ್ಕೆ ಇಳಿದವರಿಗೆ ಹಾಯೆನಿಸಿದ್ದು ನಿಜ. ಆದರೆ ಆ ಆರಾಮ ಬಂದಿದ್ದು ಬೆನ್ನು ನೆಟ್ಟಗಾಗಿದ್ದರಿಂದ. ನೆಲ ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ಅದರ ಅರ್ಥ ಅಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಸ್ಪೇನಿನಲ್ಲಿ ಬಹಳ ದಿನದಿಂದ ಬೆನ್ನು ನೋವಿದ್ದ 313 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗಟ್ಟಿ ಗಾದಿ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಗಾದಿ. ತಮಗೆ ಬಂದಿದ್ದು ಯಾವುದು ಅಂತ ಯಾರಿಗೂ ಹೇಳಿರಲಿಲ್ಲ. 90 ದಿನದ ನಂತರ ನೋಡಿದರೆ, ಮಧ್ಯಮ ಗಟ್ಟಿಯ ಗಾದಿಯವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. 2003ರಲ್ಲಿ ಇದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆದರೂ ಬೆನ್ನು ನೋವು ಅಂದ ಕೂಡಲೇ 'ಹಲಗೆ ಮೇಲೆ ಮಲಗು' ಅನ್ನುವ ಸಲಹೆ ಇವತ್ತಿಗೂ ನಿಂತಿಲ್ಲ.

ಬರೀ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದರೆ ಮೈಭಾರವೆಲ್ಲ ಭುಜ ಮತ್ತು ಪೃಷ್ಠದ ಮೂಳೆ ಮೇಲೆ ಬೀಳುತ್ತದೆ. ನಿಮ್ಮ ಭುಜ ನೋಯುತ್ತಿರುವುದು ಅದಕ್ಕೇ. ನೆಲದ ಮೇಲೆ ಮಲಗುವುದು ಒಗ್ಗಿದ್ದರೆ ಬಿಡಬೇಕಿಲ್ಲ. ಚಾಪೆ ಮೇಲೆ ಎರಡು ಮೂರು ಕೌದಿ ಮಡಚಿ ಹಾಸಿ, ಅಥವಾ ತೆಳು ಹತ್ತಿ ಗಾದಿ ಹಾಕಿಕೊಳ್ಳಿ. ಮಂಚದ ಗಾದಿಯೇ ಇಷ್ಟ ಅಂದರೆ ಅದೂ ಸರಿ. ಹತ್ತಿ ಗಂಟುಗಟ್ಟಿ ನಡುವೆ ಗುಂಡಿ ಬಿದ್ದಿದ್ದರೆ ಹಿಂಜಿಸಿ ಮತ್ತೆ ಹೊಲಿಸಿ. 'ಆರ್ಥೋಪೆಡಿಕ್' ಅಂತ ಹೆಸರು ಬರೆದ ಮಾತ್ರಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ಅಂಥ ಗಾದಿಗಳಲ್ಲಿ ಎಷ್ಟೋ ನೆಲದಷ್ಟೇ ಗಟ್ಟಿ ಇರುತ್ತವೆ.

ಈಗ ಮಲಗುವ ರೀತಿಗೆ ಬರೋಣ. ನನ್ನ ಕೇಳಿದರೆ ಗಾದಿಗಿಂತ ಇದು ದೊಡ್ಡ ವಿಷಯ, ಖರ್ಚೂ ಇಲ್ಲ. ನೀವು ಮಗ್ಗುಲಾಗಿ ಮಲಗುವವರಾದರೆ ಎರಡೂ ಮೊಣಕಾಲು ಸ್ವಲ್ಪ ಮಡಚಿ, ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ದಿಂಬು ಇಲ್ಲದಿದ್ದರೆ ಮಡಚಿದ ಕೌದಿ ಸಾಕು. ಸುಮ್ನೆ ಮಲಗಿದಾಗ ಮೇಲಿನ ಕಾಲು ಜಾರಿ ಮುಂದೆ ಬೀಳುತ್ತದೆ, ಜೊತೆಗೆ ಟೊಂಕವನ್ನೂ ತಿರುಚುತ್ತದೆ. ರಾತ್ರಿಯಿಡೀ ಹಾಗೇ ತಿರುಚಿಕೊಂಡಿದ್ದರೆ ಬೆಳಿಗ್ಗೆ ನೋಯದೇ ಇರುತ್ತಾ? ತಲೆದಿಂಬು ಭುಜಕ್ಕೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ ಇರಲಿ. ಕುತ್ತಿಗೆ ಮೇಲಕ್ಕೂ ಬಾಗಬಾರದು, ಕೆಳಕ್ಕೂ ಜೋಲಬಾರದು.

ಅಂಗಾತ ಮಲಗುವವರು ದಿಂಬನ್ನು ಮೊಣಕಾಲ ಕೆಳಗೆ ಇಡಬೇಕು. ಕಾಲು ಪೂರ್ತಿ ಚಾಚಿದಾಗ ತೊಡೆಯಿಂದ ಬೆನ್ನುಮೂಳೆಗೆ ಹೋಗುವ ಸ್ನಾಯು ಎಳೆಯುತ್ತದೆ, ಟೊಂಕ ಹಾಸಿಗೆಯಿಂದ ಮೇಲೆ ಏಳುತ್ತದೆ. ಮೊಣಕಾಲು ಸ್ವಲ್ಪ ಎತ್ತಿದರೆ ಆ ಎಳೆತ ಸಡಿಲ. ಬೋರಲು ಮಲಗುವುದು ಮಾತ್ರ ಸಾಮಾನ್ಯವಾಗಿ ಟೊಂಕಕ್ಕೂ ಕುತ್ತಿಗೆಗೂ ಒಳ್ಳೆಯದಲ್ಲ. ಬಿಡಲಿಕ್ಕೇ ಆಗುವುದಿಲ್ಲ ಅನ್ನುವವರು ಹೊಟ್ಟೆಯ ಕೆಳಭಾಗಕ್ಕೆ ತೆಳು ದಿಂಬು ಇಟ್ಟು, ತಲೆದಿಂಬು ತೆಗೆದುಬಿಡಿ. ಇನ್ನೊಂದು ಮಾತು. ಎಲ್ಲರಿಗೂ ಒಂದೇ ಭಂಗಿ ಹಿಡಿಸುವುದಿಲ್ಲ. ವಯಸ್ಸಾದವರಲ್ಲಿ ಬೆನ್ನುಮೂಳೆಯೊಳಗಿನ ನರದ ದಾರಿ ಕಿರಿದಾಗಿದ್ದರೆ ಮುದುಡಿ ಮಲಗುವುದೇ ಹಿತ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆ ಇರುವ ಕೆಲವರಿಗೆ ಬೋರಲು ಮಲಗಿದಾಗಲೇ ನೋವು ಇಳಿಯುತ್ತದೆ. ಹಿತ ಎನಿಸಿದ್ದನ್ನು ಪುಸ್ತಕದ ಮಾತಿಗಾಗಿ ಬಿಡಬೇಡಿ. ರಾತ್ರಿ ಮಗ್ಗುಲು ಬದಲಿಸಿದರೂ ಚಿಂತೆ ಇಲ್ಲ, ಬದಲಿಸಬೇಕು ಕೂಡ.

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಎಲ್ಲರೂ ಮಾಳಿಗೆ ಹತ್ತುತ್ತೇವೆ. ಮಾಳಿಗೆಗೆ ಮಳೆ ನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ಎತ್ತರದ ಕಡೆ ತಲೆ ಹಾಕಿ. ಅಡ್ಡಡ್ಡ ಮಲಗಿದರೆ ಮೈ ಇಡೀ ರಾತ್ರಿ ಒಂದೇ ಕಡೆ ಜಾರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದಿದ್ದು 'ಬೆಳಿಗ್ಗೆ ಜಾಸ್ತಿ' ಅನ್ನುವ ಮಾತು. ಬೆನ್ನುಮೂಳೆಗಳ ನಡುವೆ ಮೆತ್ತನೆಯ ಡಿಸ್ಕ್‌ಗಳಿವೆ. ಹಗಲೆಲ್ಲ ನಮ್ಮ ಭಾರಕ್ಕೆ ಅವುಗಳಿಂದ ನೀರು ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ನೆನೆಹಾಕಿದ ಕಡಲೆಯಂತೆ ಮತ್ತೆ ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗೂ ತುಸು ಹೆಚ್ಚು ಎತ್ತರ ಇರುವುದು ಇದರಿಂದಲೇ. ಹೀಗೆ ಬಿಗಿಯಾಗಿ ಉಬ್ಬಿದ ಡಿಸ್ಕ್ ಇರುವಾಗ ಮುಂದೆ ಬಾಗಿದರೆ ಅದರ ಮೇಲೂ ಸುತ್ತಲಿನ ನಾರುಗಳ ಮೇಲೂ ಒತ್ತಡ ಜಾಸ್ತಿ.

ನಮ್ಮ ಹೆಣ್ಣುಮಕ್ಕಳು ಎದ್ದ ಕೂಡಲೇ ಮಾಡುವುದು ಏನು? ಗಿಡ್ಡ ಕಸಬರಿಗೆ ಹಿಡಿದು ಅಂಗಳ ಗುಡಿಸುವುದು, ಸಗಣಿ ಬಾಚುವುದು, ರಂಗೋಲಿ, ನಳ ಬಂದರೆ ಕೊಡ ಎತ್ತುವುದು. ಎಲ್ಲವೂ ಬಾಗಿ ಮಾಡುವ ಕೆಲಸ, ಅದೂ ಡಿಸ್ಕ್ ಅತಿ ಉಬ್ಬಿರುವ ಹೊತ್ತಿನಲ್ಲಿ. ಆಮೇಲೆ ಹಾಸಿಗೆಯನ್ನು ಬೈಯುತ್ತೇವೆ. ಅಮೆರಿಕದಲ್ಲಿ ಬೆನ್ನು ನೋವಿನವರಿಗೆ 'ಎದ್ದ ಮೇಲೆ ಮೊದಲ ಕೆಲವು ತಾಸು ಮುಂದೆ ಬಾಗಬೇಡಿ' ಎಂದಷ್ಟೇ ಕಲಿಸಿ ನೋಡಿದರು. ನೋವಿನ ದಿನಗಳು ಕಡಿಮೆಯಾದವು. 1998ರಲ್ಲಿ ಅದರ ವರದಿ ಬಂತು.

ಹೊಲಮನೆ ಇರುವವರು ತಾಸುಗಟ್ಟಲೆ ಬಾಗದೇ ಇರಲಿಕ್ಕೆ ಆಗುತ್ತಾ? ಆಗುವುದಿಲ್ಲ, ಗೊತ್ತು. ಆದರೆ ಕ್ರಮ ಬದಲಿಸಬಹುದು. ಎದ್ದು ಮೊದಲು ಸ್ವಲ್ಪ ಓಡಾಡಿ. ಚಹಾ ಕಾಸುವುದು, ನಿಂತು ಮಾಡುವ ಅಡುಗೆ ಕೆಲಸ ಮೊದಲಿರಲಿ, ಕಸ ಗುಡಿಸುವುದು ಆಮೇಲೆ. ಉದ್ದ ಕೋಲಿನ ಕಸಬರಿಗೆ ಇದ್ದರೆ ಇನ್ನೂ ಒಳ್ಳೇದು. ಮೊದಲ ಕೊಡ ಮನೆಯ ಗಂಡಸರು ಎತ್ತಲಿ. ಅವರ ಬೆನ್ನೂ ಆಗಷ್ಟೇ ಎದ್ದಿರುತ್ತದೆ, ಅದಕ್ಕೆ ಅವರಿಗೂ ಮೊಣಕಾಲು ಮಡಚಿ ಎತ್ತಲು ಹೇಳಿ. ಭತ್ತದ ನಾಟಿ ಇರುವ ದಿನಗಳಲ್ಲಂತೂ ಗದ್ದೆಯಲ್ಲಿ ಆಗಾಗ ನೆಟ್ಟಗೆ ನಿಂತು, ಟೊಂಕಕ್ಕೆ ಕೈ ಕೊಟ್ಟು ತುಸು ಹಿಂದಕ್ಕೆ ಬಾಗಿ.

ಏಳುವ ರೀತಿಯೂ ಮುಖ್ಯ. ಅಂಗಾತದಿಂದ ನೇರ ಎದ್ದು ಕೂರಬೇಡಿ. ಮೊದಲು ಮಗ್ಗುಲಾಗಿ. ಮಂಚವಾದರೆ ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ನೆಲವಾದರೆ ಮಗ್ಗುಲಿನಿಂದ ಕೈ ಮೊಣಕಾಲು ಊರಿ, ಒಂದು ಪಾದ ಮುಂದಿಟ್ಟು, ಗೋಡೆ ಹಿಡಿದು ಮೇಲೇಳಿ. ಹೀಗೆ ಏಳುವುದು ಕಷ್ಟವಾಗುವ ಮಟ್ಟಕ್ಕೆ ನೋವಿದ್ದರೆ ಸದ್ಯಕ್ಕೆ ನೆಲ ಬಿಟ್ಟು ಮಂಚವೇ ಮೇಲು.

ಆದರೆ ದಿನಗಟ್ಟಲೆ ಮಲಗಿಯೇ ಇರುವುದು ಔಷಧಿ ಅಲ್ಲ. ನೋವು ತೀರಾ ಇದ್ದಾಗ ಒಂದೆರಡು ದಿನ ಸಾಕು, ಆಮೇಲೆ ಆದಷ್ಟು ಓಡಾಡಿ. ಮೆಡಿಕಲ್ ಶಾಪಿನ ನೋವಿನ ಗುಳಿಗೆ ದಿನಾ ನುಂಗುವುದೂ ಬೇಡ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ದಿಂಬು, ಕೌದಿಯಿಂದ ಸರಿಹೋಗದ ನೋವುಗಳೂ ಇವೆ. ಕಾಲಲ್ಲಿ ಶಕ್ತಿ ಕಡಿಮೆಯಾದರೆ, ತೊಡೆ ಸಂದಿ ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ತೂಕ ಇಳಿಯುವುದು, ಯಾವ ಮಗ್ಗುಲಿಗೆ ಮಲಗಿದರೂ ರಾತ್ರಿ ನೋವು ಬಿಡದಿರುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ಪರೀಕ್ಷೆ ಆಗಲೇಬೇಕು. ಬೆಳಗಿನ ಬಿಗಿತ ಅರ್ಧ ತಾಸು ಮೀರಿ ಇದ್ದು, ಓಡಾಡಿದರೆ ಹಗುರ, ಮಲಗಿದರೆ ಜಾಸ್ತಿ ಅನಿಸುತ್ತಿದ್ದರೆ ಅದು ಕೀಲುವಾತದ ಒಂದು ಬಗೆ ಇರಬಹುದು. ಇದು ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ನಿಮ್ಮ ಮನೆಗೆ ಕುಡಿಯಲು ಬರುವುದು ಕಾಲುವೆ ನೀರೋ ಬೋರ್‌ವೆಲ್ ನೀರೋ ನೋಡಿ.

ನಿಮ್ಮದು ತಿಂಗಳುಗಳ ನೋವು. ಮೇಲಿನ ಬದಲಾವಣೆ ಮಾಡಿಕೊಳ್ಳುತ್ತಲೇ ಒಮ್ಮೆ ತಾಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಹೋಗಿ ತೋರಿಸಿ. ಅಲ್ಲಿ ಬರೀ 'ಟೊಂಕ ನೋವು' ಅನ್ನಬೇಡಿ. ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಬಿಡುತ್ತದೆ, ನೋವು ಕಾಲಿಗೆ ಇಳಿಯುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ, ಕುಡಿಯುವ ನೀರು ಯಾವುದು, ಇಷ್ಟನ್ನು ನೀವೇ ಮೊದಲು ಹೇಳಿ.